ಸೀಲಿನ ಕೆಳಗೆ ಬಳಿದ ವಿಭೂತಿ

ಚೀನಾದ ಸೀಲು ಬಂದ ಮೇಲೆ ನಮ್ಮ ಪಂಪುಗಳ ಮೇಲಿನ ತಕರಾರು ಕಡಿಮೆಯಾಯಿತು. ಗೋಕಾಕದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಎಲ್ಲರೂ ಹೇಳುವ ಮಾತಿದು. ಅಲ್ಲಿ ಪರೀಕ್ಷೆಯ ರಜಿಸ್ಟರನ್ನೂ ತಕರಾರು ಪುಸ್ತಕವನ್ನೂ ಬರೆಯುವ ನಾನೂ ಬಹಳ ದಿನ ಹಾಗೆಯೇ ಹೇಳಿದೆ. ಬಂದ ಮೇಲೆ ಕಡಿಮೆಯಾದದ್ದು ನಿಜ. ಬಂದದ್ದರಿಂದಲೇ ಕಡಿಮೆಯಾಯಿತೇ ಎಂಬುದು ಬೇರೆ ಮಾತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಈ ವ್ಯತ್ಯಾಸ ಹೊಳೆಯಲು ಎರಡು ವರ್ಷ ಹಿಡಿಯಿತು.

ಸೀಲು ಎಂದರೆ ಮೋಟಾರಿನೊಳಗೆ ನೀರು ಇಳಿಯದಂತೆ ತಡೆಯುವ ಒಂದು ಉಂಗುರ. ಅದು ಸೋರಿದರೆ ಮೂಡಲಗಿಯಲ್ಲೋ ಹುಕ್ಕೇರಿಯಲ್ಲೋ ಯಾರದೋ ಬಾವಿಯ ಮೋಟಾರು ಸುಡುತ್ತದೆ. ಆದ್ದರಿಂದ ಜೋಡಿಸಿದ ಪ್ರತಿ ಪಂಪನ್ನೂ ಒಂದು ಟೇಬಲ್ಲಿನ ಮೇಲಿಟ್ಟು ನೀರು ಓಡಿಸಿ ನೋಡಬೇಕು. ಅದು ಕುಲಗೋಡದಿಂದ ಬಸ್ಸಿಗೆ ಬರುವ ಒಬ್ಬ ಹಿರಿಯರ ಕೆಲಸ. ಎಲ್ಲರಿಗೂ ಅವರು ಕಾಕಾ. ಸೀಲಿನ ಕೆಳಗಿನ ಕಬ್ಬಿಣಕ್ಕೆ ವಿಭೂತಿ ಗಟ್ಟಿ ಉಜ್ಜಿ ಕಾಯುತ್ತಾರೆ. ಸಾಸಿವೆಯಷ್ಟು ಹನಿ ಬಿದ್ದರೂ ಆ ಬಿಳಿಯ ಮೇಲೆ ಕಪ್ಪಾಗಿ ಕಾಣುತ್ತದೆ.

“ಪಂಪಿಗೂ ದೀಕ್ಷಾ ಕೊಟ್ರೇನ್ರಿ ಕಾಕಾ?” ಎಂದು ಫಿಟ್ಟರುಗಳು ಕಾಡುತ್ತಾರೆ.

“ನಿನಗಿಂತ ಅದಕ್ಕ ಛಲೋ ಒಪ್ಪತೈತಿ. ಅದು ತಂಬಾಕ ತಿನ್ನೂದಿಲ್ಲ.”

ಚೀನಾದ ಮೊದಲ ಪೆಟ್ಟಿಗೆ ಒಡೆದ ದಿನ ಕಾಕಾ ಸೀಲನ್ನು ಹೆಬ್ಬೆರಳಿನಿಂದ ಸವರಿ, “ಇಷ್ಟ ನುಣುಪ ಯಾಕ ಐತಿ? ಏನರ ಮುಚ್ಚಿಟ್ಟಿರಬೇಕ” ಎಂದರು. ಅಂದಿನಿಂದ ಹತ್ತು ನಿಮಿಷದ ಪರೀಕ್ಷೆ ಅರ್ಧ ತಾಸಿನದಾಯಿತು. ಇದು ನನಗೆ ನೆನಪೇ ಇರಲಿಲ್ಲ. “ಕಾಕಾಗೆ ಚೀನಾದ ಮೇಲೆ ಸಿಟ್ಟು. ಒಂದೊಂದು ಪಂಪಿಗೆ ಅರ್ಧ ತಾಸು” ಎಂದು ಡೈರಿಯಲ್ಲಿ ನಗೆಯಾಡಿ ಬರೆದಿದ್ದೆ.

ಆ ಡೈರಿ ತೆಗೆಯುವಂತಾದದ್ದು ಈ ವರ್ಷ, ಮಾಲಕರು ಟೇಬಲ್ಲನ್ನೇ ತೆಗೆಯುವ ಮಾತಾಡಿದಾಗ. “ಮಾಲು ಚೀನಾದಾಗ ಚೆಕ್ ಆಗೇ ಬರತೈತಿ. ಹೊಸಾ ಸೀಲು ಮೊದಲ ನಾಕ ಹನಿ ಬಿಡತೈತಿ, ಆಮ್ಯಾಲ ತಾನ ಕೂಡತೈತಿ. ಅದಕ್ಕ ಅರ್ಧ ತಾಸ ಯಾಕ್ರಿ?” ಟೇಬಲ್ ಹೋದರೆ ಕಾಕಾನ ಕೆಲಸ ಹೋದಂತೆ.

ಸೀಲೂ ಕಾಯುವ ಹೊತ್ತೂ ಒಂದೇ ವಾರ ಬದಲಾಗಿವೆ, ತಕರಾರು ಇಳಿದದ್ದು ಯಾವುದರಿಂದ ಎಂದು ಹೇಳಲಾಗದು ಎಂದೆ. ಬೆಸ ಸಂಖ್ಯೆಯ ಪಂಪುಗಳನ್ನು ಪರೀಕ್ಷಿಸೋಣ, ಸಮ ಸಂಖ್ಯೆಯವನ್ನು ಹಾಗೆಯೇ ಕಳಿಸೋಣ, ಯಾವುವು ಹೆಚ್ಚು ತಿರುಗಿ ಬರುತ್ತವೆ ನೋಡೋಣ ಎಂದೆ.

“ಓದಿದ್ದು ಕೆಲಸಕ್ಕ ಬಂತ ನೋಡ್ರಿ” ಎಂದರು ಮಾಲಕರು. ನಾನು ಉಬ್ಬಿದೆ. ಸಮ ಸಂಖ್ಯೆಯ ಪಂಪೂ ಯಾರದೋ ಬಾವಿಗೆ ಇಳಿಯುತ್ತದೆ ಎಂದು ಆಗ ಯೋಚಿಸಿದ್ದೆ ಎನ್ನಲು ಆಸೆಯಿದೆ. ಡೈರಿಯಲ್ಲಿ ಅಂಥದ್ದೇನೂ ಇಲ್ಲ.

ಮೂರು ವಾರದ ನಂತರ, ಲಾರಿಗೆ ಏರಿಸಲು ಇಟ್ಟ ಸಮ ಸಂಖ್ಯೆಯ ಒಂದು ಪಂಪಿನಲ್ಲಿ ಸೀಲಿನ ಕೆಳಗೆ ಬೆಳ್ಳಗೆ ಕಂಡಿತು. ಪಕ್ಕದಲ್ಲಿದ್ದ ಇನ್ನೆರಡು ಸಮ ಸಂಖ್ಯೆಯವುಗಳಲ್ಲೂ ಹಾಗೆಯೇ. ಕಾಕಾ ಊಟಕ್ಕೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು.

“ಕಾಕಾ, ಸಮ ನಂಬರಿಗೂ ವಿಭೂತಿ ಹಚ್ಚಾಕತ್ತೀರೇನ್ರಿ?”

“ಹೂಂ. ಮೊದಲಿಂದ. ಯಾವುದೂ ಬಿಟ್ಟಿಲ್ಲ. ಎರಡು ಸೋರಿದ್ವು, ಸೀಲ ಬದಲಿ ಮಾಡೇನಿ.”

“ಹಿಂಗ ಮಾಡಿದ್ರ ಸಮ ನಂಬರಿನವೂ ತಿರುಗಿ ಬರೂದಿಲ್ರಿ. ಚೆಕ್ ಮಾಡದಿದ್ರೂ ನಡಿತೈತಿ ಅಂತ ಮಾಲಕರು ಟೇಬಲ್ ತಗೀತಾರ. ನಿಮ್ಮ ಕೆಲಸಾನ ಹೋಗತೈತಿ!”

ಅವರು ರೊಟ್ಟಿ ಮುರಿದರು. “ಹಂಗಂತ ಸೋರೂದು ಗೊತ್ತಿದ್ದೂ ಹುಕ್ಕೇರಿಗೆ ಕಳಸ್ಲೇನವಾ?”

ಸಂಜೆ ಒಂದು ಸಂಶಯ ಬಂತು. ಬೇರೆ ದಿನಗಳಲ್ಲಿ ವಿಭೂತಿಯನ್ನು ಬಟ್ಟೆಯಿಂದ ಒರೆಸುವ ಮನುಷ್ಯ, ಆ ಮೂರನ್ನು ನನಗೆ ಕಾಣಲೆಂದೇ ಒರೆಸದೆ ಬಿಟ್ಟರೇ? ಕೇಳಲಿಲ್ಲ.

ಮರುದಿನ ರಜಿಸ್ಟರಿನಲ್ಲಿ ಸಮ ಸಂಖ್ಯೆಗಳೆಲ್ಲದರ ಮುಂದೆ “ಪರೀಕ್ಷೆಯಾಗಿದೆ” ಎಂದು ಬರೆದು ಮಾಲಕರ ಮುಂದಿಟ್ಟೆ. ಅವರು ಹಾಳೆ ತಿರುವಿ, “ಹಂಗಾರ ಸೀಲ ಛಲೋನೋ, ಕಾಕಾ ಛಲೋನೋ?” ಎಂದರು.

“ಇನ್ನ ಗೊತ್ತಾಗೂದಿಲ್ರಿ.”

ಮಾಲಕರು ಕಿಟಕಿಯಿಂದ ಟೇಬಲ್ಲಿನ ಕಡೆ ನೋಡಿದರು. “ಟೇಬಲ್ ಇರ್ಲಿ ಬಿಡ್ರಿ. ಮುಂದಿನ ಪೆಟಗಿ ಬರೂತನಕ.”

ಕಾಕಾಗೆ ಹೇಳಿದೆ. “ಅದೂ ಚೀನಾದ್ದೇನು?” ಎಂದಷ್ಟೇ ಕೇಳಿದರು.

ಅಂದಿನ ಡೈರಿಯಲ್ಲಿ “ಇದ್ದದ್ದನ್ನು ಇದ್ದ ಹಾಗೆ ಬರೆದೆ” ಎಂದಿದೆ. ನಾನು ಕಣ್ಣಾರೆ ನೋಡಿದ್ದು ಮೂರೇ ಪಂಪು. ಉಳಿದವು ಆಗಲೇ ಮಾರಾಟವಾಗಿದ್ದವು. ಅವುಗಳ ಮುಂದೆ ಬರೆದದ್ದು ಬರೀ ಕಾಕಾನ ಮಾತನ್ನು ನಂಬಿ. ಈಗ ದಿನಾ ಮುಂಜಾನೆ ತಕರಾರು ಪುಸ್ತಕ ತೆರೆದಾಗ ಮೊದಲು ಸಮ ಸಂಖ್ಯೆಗಳನ್ನೇ ಹುಡುಕುತ್ತೇನೆ.