ಬಕೆಟ್ಟಿಗೆ ಬಿದ್ದ ಅರವತ್ತು ಮಾತ್ರೆ

ವರ್ನೀಸ್ ಗ್ಯಾಟ್ಲಿನ್‌ಳ ಬಲಗೈ ಹೆಬ್ಬೆರಳು ನೋಡಿದವರು, ಪಾಪ ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿರಬೇಕು ಅಂದುಕೊಳ್ಳುತ್ತಿದ್ದರು. ಹತ್ತಿ ಬಿಡಿಸಿದ್ದು ಅವಳ ಅಜ್ಜಿ. ವರ್ನೀಸಳ ಬೆರಳು ದಡ್ಡುಗಟ್ಟಿದ್ದು ಮಾತ್ರೆ ಒತ್ತಿ ಒತ್ತಿ.

ನದಿ ಬಯಲಿನಲ್ಲಿ ಹತ್ತಿ ಬೆಳೆಯುವ ನಮ್ಮ ಡೆಲ್ಟಾ ಸೀಮೆಯ ಬೆಲ್‌ಫೋರ್ಡ್ ಊರಿನಲ್ಲಿ ಮುದುಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯೊಂದಿದೆ. ಅಲ್ಲಿ ಅವಳು ಮೂವತ್ತೊಂದು ವರ್ಷ ನರ್ಸ್ ಆಗಿದ್ದಳು. ಪ್ರತಿ ಗುರುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅಲ್ಲೊಂದು ಕೆಲಸ. ಆ ವಾರ ತೀರಿಕೊಂಡವರ, ಡಾಕ್ಟರು ಔಷಧ ಬದಲಾಯಿಸಿದವರ ಮಾತ್ರೆಗಳನ್ನೆಲ್ಲ ಕಪಾಟಿನಿಂದ ಹೊರಗೆ ತೆಗೆಯಬೇಕು. ಒಂದೊಂದು ರಟ್ಟಿನಲ್ಲಿ ಮೂವತ್ತು ಗುಳಿ, ಗುಳಿಗೊಂದು ಮಾತ್ರೆ, ಹಿಂದೆ ಬೆಳ್ಳಿಬಣ್ಣದ ಕಾಗದದ ಮೊಹರು. ಒಬ್ಬ ನರ್ಸ್ ಒಂದೊಂದನ್ನೇ ಒತ್ತಿ ಬಕೆಟ್ಟಿಗೆ ಬೀಳಿಸಬೇಕು, ಇನ್ನೊಬ್ಬಳು ಎಣಿಸಬೇಕು. ಬಕೆಟ್ಟಿನಲ್ಲಿ ಸೋಪಿನ ನೀರು, ಕಾಫಿ ಚರಟ. ಕೊನೆಗೆ ರಿಜಿಸ್ಟರಿನಲ್ಲಿ ಇಬ್ಬರದೂ ಸಹಿ. ಮಾತ್ರೆ ಹಳಸಿದ್ದೇನಲ್ಲ, ಯಾರೂ ಮುಟ್ಟಿದ್ದೂ ಅಲ್ಲ. ಈ ನಿಯಮ ಬರೆದ ಪುಣ್ಯಾತ್ಮ ಯಾರೋ, ಒಂದು ಗುರುವಾರವಾದರೂ ಅಲ್ಲಿ ಕೂತು ಒತ್ತಿದ್ದರೆ ಗೊತ್ತಾಗುತ್ತಿತ್ತು. ಎರಡು ತಾಸಿನಲ್ಲಿ ಬಕೆಟ್ಟು ಅರ್ಧ ತುಂಬುತ್ತಿತ್ತು.

ವರ್ನೀಸ್ ಅದನ್ನು ಪ್ರಶ್ನೆ ಮಾಡಿದವಳಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಯಾರೋ ಕೆಮ್ಮಿನ ಔಷಧದ ಸೀಸೆ ಕದ್ದಿದ್ದರು. ಆಗ ಎಲ್ಲ ನರ್ಸುಗಳಲ್ಲೂ ಮೊದಲು ಜೇಬು ತೋರಿಸು ಅಂದದ್ದು ಇವಳಿಗೆ, ಆ ಪಾಳಿಯ ಒಬ್ಬಳೇ ಕಪ್ಪು ನರ್ಸಿಗೆ. ತೋರಿಸಿದಳು. ಏನೂ ಇರಲಿಲ್ಲ. ಯಾರೂ ತಪ್ಪಾಯಿತು ಅನ್ನಲಿಲ್ಲ. ಆ ಸಂಜೆ ಮನೆಗೆ ಬಂದವಳೇ ಸೂಜಿದಾರ ಹಿಡಿದು ತನ್ನ ಸಮವಸ್ತ್ರದ ಜೇಬುಗಳನ್ನೆಲ್ಲ ಹೊಲಿದುಬಿಟ್ಟಳು. ಅಂದಿನಿಂದ ಹೊಸ ಬಟ್ಟೆ ಬಂದಾಗಲೆಲ್ಲ ಮೊದಲ ಕೆಲಸ ಅದೇ. ಕರವಸ್ತ್ರವನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಚರ್ಚಿನ ಹೆಂಗಸರು, "ಸಿಸ್ಟರ್ ಗ್ಯಾಟ್ಲಿನ್ ಸ್ವರ್ಗಕ್ಕೆ ಹೋದರೂ ಬಾಗಿಲಲ್ಲಿ ಕೈ ಝಾಡಿಸಿ ತೋರಿಸಿಯೇ ಒಳಗೆ ಹೋಗೋದು" ಅಂತ ನಗುತ್ತಿದ್ದರು. ಅವಳಿಗೂ ಅದು ಕೇಳಿ ಒಳಗೊಳಗೇ ಹೆಮ್ಮೆ.

ಅವಳಿಗೆ ಒಬ್ಬನೇ ತಮ್ಮ, ಥರ್ಮನ್. ಹೆಂಡತಿ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಮೀನಿನ ಕಾರ್ಖಾನೆಯಲ್ಲಿ ಕ್ಯಾಟ್‌ಫಿಶ್ ಚರ್ಮ ಸುಲಿಯುವ ಕೆಲಸ. ಪಕ್ಕದಲ್ಲಿ ನಿಂತು ಮೀನು ಸೀಳುವವನು ಓಡೆಲ್, ಬಾಲ್ಯದ ಗೆಳೆಯ. ಇಬ್ಬರಿಗೂ ಐವತ್ತು ದಾಟುತ್ತಲೇ ಒಂದೇ ಕಾಯಿಲೆ ಹಿಡಿದಿತ್ತು, ಎದೆಬಡಿತ ತಾಳ ತಪ್ಪುವುದು. ಅಂಥವರ ರಕ್ತ ಎದೆಯಲ್ಲಿ ಹೆಪ್ಪುಗಟ್ಟಿ ತಲೆಗೆ ಏರಬಾರದು ಅಂತ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಜನ್ಮ ಇರುವ ತನಕ ತಪ್ಪಿಸುವ ಹಾಗಿಲ್ಲ. ಕಾರ್ಖಾನೆಯವರು ಕೆಲಸದ ತಾಸು ಕಡಿಮೆ ಮಾಡಿದರು, ಅದರ ಜೊತೆಗೆ ಇಬ್ಬರ ವಿಮೆಯೂ ಹೋಯಿತು. ಕೈಯಿಂದ ದುಡ್ಡು ಕೊಟ್ಟು ಕೊಂಡರೆ ಆ ಮಾತ್ರೆ ಅರ್ಧ ಸಂಬಳ ನುಂಗುವಂಥದ್ದು. ಸರ್ಕಾರದ ವಿಮೆ ಕೇಳಲು ಹೋದರೆ, ಕೈಕಾಲು ಗಟ್ಟಿ ಇರುವ ಒಂಟಿ ಗಂಡಸಿಗೆ ಅದು ಇಲ್ಲ ಅಂದರು. ಥರ್ಮನ್ ಬಾಗಿಲಲ್ಲೇ ನಿಂತು, "ಹಾಗಾದ್ರೆ ಒಂದು ಕಾಲು ಮುರ್ಕೊಂಡು ಬರ್ಲಾ ತಾಯಿ?" ಅಂತ ಕೇಳಿ ಬಂದನಂತೆ.

ಒಂದು ಭಾನುವಾರ ಚರ್ಚು ಮುಗಿಸಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು, ಹುರಿದ ಕೋಳಿ. ಥರ್ಮನ್ ಕೈ ತೊಳೆಯಲು ಎದ್ದಾಗ ಕುರ್ಚಿಗೆ ಹಾಕಿದ್ದ ಕೋಟಿನಿಂದ ಮಾತ್ರೆ ಡಬ್ಬಿ ಕೆಳಗೆ ಬಿತ್ತು. ವರ್ನೀಸ್ ಎತ್ತಿಕೊಂಡು ಮೇಲಿನ ತಾರೀಖು ನೋಡಿದಳು. ತಿಂಗಳ ಹಿಂದೆಯೇ ಖಾಲಿಯಾಗಬೇಕಾಗಿದ್ದ ಡಬ್ಬಿಯಲ್ಲಿ ಇನ್ನೂ ಮಾತ್ರೆ ಅಲುಗಾಡುತ್ತಿದ್ದವು.

"ದಿನಕ್ಕೆ ಎಷ್ಟು ತಗೊಳ್ತಿದೀಯ?"

"ಒಂದು."

"ಸುಳ್ಳು ಬೊಗಳಬೇಡ."

"ಒಂದಿನ ಬಿಟ್ಟು ಒಂದಿನ ಒಂದು. ಓಡೆಲ್ ಶ್ರೀಮಂತ, ಅವ್ನು ದಿನಾ ಒಂದು ನುಂಗ್ತಾನೆ," ಅಂತ ಥರ್ಮನ್ ನಕ್ಕ. ಅಕ್ಕ ನಗಲಿಲ್ಲ. ಆಗ ಅವನೂ ತಗ್ಗಿದ ದನಿಯಲ್ಲಿ ಕೇಳಿದ. "ಅಕ್ಕಾ, ನೀನು ಗುರುವಾರ ಚೆಲ್ತೀಯಲ್ಲ, ಅದರಲ್ಲಿ ಇದು ಬರಲ್ವಾ?"

"ಬರತ್ತೆ."

"ಮತ್ತೆ?"

"ಮತ್ತೆ ಏನೂ ಇಲ್ಲ. ಅದನ್ನ ಇನ್ನೊಂದ್ಸಲ ನನ್ನ ಹತ್ರ ಕೇಳಬೇಡ. ಮೂವತ್ತು ವರ್ಷದಲ್ಲಿ ಅಲ್ಲಿಂದ ಒಂದು ಹತ್ತಿ ಉಂಡೆ ತಂದಿಲ್ಲ ನಾನು."

"ಸರಿ ಬಿಡು ಮಾರಾಯ್ತಿ, ಕೋಳಿ ಹಾಕು," ಅಂದ ಥರ್ಮನ್. ಮತ್ತೆ ಆ ಮಾತು ಎತ್ತಲಿಲ್ಲ.

ಅವಳು ಸುಮ್ಮನೆ ಕೂತಳು ಅಂತಲ್ಲ. ನ್ಯಾಯವಾಗಿ ಮಾಡಿದರೆ ನ್ಯಾಯವಾಗಿ ಸಿಗುತ್ತದೆ ಅಂತ ನಂಬಿದ್ದಳು, ಅಷ್ಟೇ. ಔಷಧ ಮಾಡುವ ಕಂಪನಿಯವರು ಬಡವರಿಗೆ ಪುಕ್ಕಟೆ ಕೊಡುತ್ತಾರೆಂದು ಕೇಳಿ ಅರ್ಜಿ ತರಿಸಿದಳು. ಹನ್ನೊಂದು ಪುಟ. ವಿಮೆ ಇಲ್ಲ ಅಂತ ಒಂದು ಕಾಗದ, ಸಂಪಾದನೆ ಇಷ್ಟೇ ಅಂತ ಇನ್ನೊಂದು, ಡಾಕ್ಟರ ಸಹಿ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತುಂಬಿ ಕಳಿಸಿದಳು. ಏಳನೇ ಪುಟದಲ್ಲಿ ಡಾಕ್ಟರು ತಾರೀಖು ಹಾಕಿಲ್ಲ ಅಂತ ವಾಪಸ್ಸು ಬಂತು. ಡಾಕ್ಟರು ಬೆಲ್‌ಫೋರ್ಡಿಗೆ ಬರುತ್ತಿದ್ದುದು ತಿಂಗಳಿಗೆ ಎರಡು ಸಲ. ತಾರೀಖು ಹಾಕಿಸಿ ಮತ್ತೆ ಕಳಿಸಿದಳು.

ಅದೇ ವಾರ ಹನ್ನೆರಡನೇ ಕೋಣೆಯ ಯೂಡೋರಾ ಪೆಟ್ಟಸ್ ಎಂಬ ಮುದುಕಿ ತೀರಿಕೊಂಡಳು. ಸೋಮವಾರ ಬೆಳಿಗ್ಗೆ ಅವಳ ತಿಂಗಳ ಔಷಧ ಬಂದಿತ್ತು, ಮಧ್ಯಾಹ್ನ ಅವಳು ಹೋದಳು. ಗುರುವಾರ ಕಪಾಟು ತೆಗೆದರೆ ಎರಡು ಪೂರ್ತಿ ರಟ್ಟು, ಅರವತ್ತು ಮಾತ್ರೆ. ಥರ್ಮನ್ ನುಂಗುವ ಅದೇ ಮಾತ್ರೆ, ಅದೇ ಅಳತೆ.

ಎಣಿಸಲು ಕೂತಿದ್ದವಳು ಶಾಂಡ್ರಿಕಾ, ಚುರುಕಾದ ಕಿರಿಯ ನರ್ಸ್. ಅವಳಿಗೆ ಥರ್ಮನ್ ಗೊತ್ತು, ಅವನ ಕಷ್ಟವೂ ಗೊತ್ತು. ಹೆಸರು ಓದಿ ಅವಳು ರಟ್ಟನ್ನು ಮೇಜಿನ ಮೇಲೆ ಮೆಲ್ಲಗೆ ಇತ್ತ ತಳ್ಳಿದಳು.

"ಮಿಸ್ ವರ್ನೀಸ್, ನಾನು ಸ್ವಲ್ಪ ಕಿಟಕಿ ಹತ್ರ ಹೋಗಿ ಬರ್ತೀನಿ. ಬರೋ ಹೊತ್ತಿಗೆ ಒತ್ತಿ ಮುಗ್ಸಿರ್ತೀರಿ ಅಂತ ಬರೀತೀನಿ."

"ಕೂತ್ಕೊಳ್ಳೇ."

"ಯಾರಿಗೂ ಅನ್ಯಾಯ ಆಗಲ್ಲ. ಸತ್ತವಳು ಬಂದು ಕೇಳ್ತಾಳಾ?"

"ಅರ್ಜಿ ಹಾಕಿದೀನಿ ಕಣೇ. ಇವತ್ತೋ ನಾಳೆನೋ ಬರತ್ತೆ. ಕೂತ್ಕೋ, ಎಣ್ಸು."

ಶಾಂಡ್ರಿಕಾ ಕೂತಳು. ವರ್ನೀಸ್ ಒತ್ತಿದಳು. ಟಪ್, ಟಪ್, ಟಪ್. ಇಪ್ಪತ್ತರ ಹತ್ತಿರ ಬಂದಾಗ ಅವಳ ಕೈ ನಿಂತಿತು. ಶಾಂಡ್ರಿಕಾ ಎಣಿಕೆ ಬಿಟ್ಟು ತಲೆಯೆತ್ತಿ ನೋಡಿದಳು. ಅಯ್ಯೋ ದೇವರೇ, ಆಗಲಾದರೂ ನಿಲ್ಲಿಸಬಾರದಿತ್ತೇ ಈ ಹೆಂಗಸು! ಇಲ್ಲ, ಬೆರಳು ಒರೆಸಿಕೊಂಡು ಮತ್ತೆ ಶುರುಮಾಡಿದಳು. ಅರವತ್ತೂ ಮುಗಿದವು. ಇಬ್ಬರೂ ಸಹಿ ಹಾಕಿದರು.

ಮರುದಿನ ವರ್ನೀಸ್ ಮೇಲ್ವಿಚಾರಕ ಹ್ಯಾಡೊ ಅವರ ಕೋಣೆಗೆ ಹೋದಳು. ಹ್ಯಾಡೊ ಕೆಟ್ಟ ಮನುಷ್ಯನಲ್ಲ. ಮುದುಕರ ಹುಟ್ಟುಹಬ್ಬಕ್ಕೆ ತಾನೇ ಕೇಕು ತರುತ್ತಿದ್ದ.

"ಸರ್, ಮೊಹರು ಒಡೆಯದ ಮಾತ್ರೆಗಳನ್ನ ಚೆಲ್ಲೋ ಬದಲು ಎಲ್ಲಾದ್ರೂ ಬಡವರ ದವಾಖಾನೆಗೆ ಕೊಡೋ ದಾರಿ ಇಲ್ವಾ? ಬೇರೆ ಕಡೆ ಕೊಡ್ತಾರಂತೆ."

"ಒಳ್ಳೇ ಯೋಚನೆ ವರ್ನೀಸ್. ಆದ್ರೆ ನನ್ನ ಕೈ ಕಟ್ಟಿದೆ. ಯಾರಿಗಾದ್ರೂ ಏನಾದ್ರೂ ಆದ್ರೆ ಕೋರ್ಟಿಗೆ ಎಳೀತಾರೆ. ಒಂದು ಕಾಗದ ಬರೆದು ಕೊಡಿ, ಮೇಲಿನೋರಿಗೆ ಕಳಿಸ್ತೀನಿ."

ಬರೆದುಕೊಟ್ಟಳು. ಅದೂ ಮೇಲೆ ಹೋಯಿತು. ಮೇಲೆ ಹೋದದ್ದು ಮೇಲೆಯೇ ಉಳಿಯಿತು.

ಪೆಟ್ಟಸ್ ಸತ್ತ ಮೂರನೇ ವಾರ, ಕಂಪನಿಯಿಂದ ಅರ್ಜಿಗೆ ಉತ್ತರ ಬರುವ ಮೊದಲೇ, ಥರ್ಮನ್ ಪೆಟ್ರೋಲ್ ಹಾಕಿಸಿಕೊಳ್ಳುತ್ತ ನಿಂತಲ್ಲೇ ಕುಸಿದ. ಲಕ್ವ. ನಮ್ಮೂರಿನ ಆಸ್ಪತ್ರೆ ಮುಚ್ಚಿ ನಾಲ್ಕು ವರ್ಷವಾಗಿತ್ತು. ಆಂಬುಲೆನ್ಸಿನವರು ಮೊದಲು ಒಂದು ಊರಿಗೆ ಒಯ್ದು ತಲೆಯ ಚಿತ್ರ ತೆಗೆಸಿದರು, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಇನ್ನೊಂದು ಊರಿಗೆ. ಅಲ್ಲಿಯವರಿಗೆ ಮೊದಲಿನ ಚಿತ್ರ ಸಿಗಲಿಲ್ಲ, ಮತ್ತೆ ತೆಗೆದರು. ಹನ್ನೆರಡು ದಿನ, ಆರು ಡಾಕ್ಟರು. ಎಲ್ಲರೂ ಬಂದು ಅದೇ ಪ್ರಶ್ನೆ ಕೇಳಿದರು, ಮಾತ್ರೆ ಸರಿಯಾಗಿ ತಗೊಳ್ತಿದ್ರಾ? ವರ್ನೀಸ್ ಪ್ರತಿ ಸಲವೂ ಇಲ್ಲ ಅಂದಳು.

ಬಲಗೈ, ಬಲಗಾಲು ಹೋದವು. ಮಾತು ಮುಕ್ಕಾಲು ಹೋಯಿತು. ಈಗ ಥರ್ಮನ್ ಸರ್ಕಾರದ ಕಣ್ಣಿಗೆ ಬಿದ್ದ. ಈಗ ವಿಮೆ ಸಿಕ್ಕಿತು, ಹಾಸಿಗೆ ಸಿಕ್ಕಿತು, ಗಾಲಿಕುರ್ಚಿ ಸಿಕ್ಕಿತು, ಮಾತು ಕಲಿಸುವವಳು ವಾರಕ್ಕೆ ಮೂರು ಸಲ ಬಂದಳು. ಹಾಸಿಗೆ ಖಾಲಿ ಇದ್ದದ್ದು ಅಕ್ಕ ದುಡಿಯುವ ಆ ಮುದುಕರ ಮನೆಯಲ್ಲೇ. ಬಂದ ದಿನವೇ ಅವನ ಹೆಸರು ಬರೆದ ಎರಡು ರಟ್ಟು ಬಂದವು. ಅರವತ್ತು ಮಾತ್ರೆ, ಪುಕ್ಕಟೆ. ಸೇಬಿನ ಗೊಜ್ಜಿನಲ್ಲಿ ಬೆರೆಸಿ ವರ್ನೀಸಳೇ ಬಾಯಿಗಿಡುತ್ತಿದ್ದಳು. ಥರ್ಮನ್ ಅರ್ಧ ಬಾಯಿಯಲ್ಲಿ ನುಂಗಿ ಅವಳನ್ನೇ ನೋಡುತ್ತಿದ್ದ.

ಮೂರು ದಿನಕ್ಕೆ ಡಾಕ್ಟರು ಬಂದು, ಇದು ಬೇಡ, ದಿನಕ್ಕೊಂದೇ ಸಾಕಾಗುವ ಬೇರೆ ಮಾತ್ರೆ ಕೊಡಿ ಅಂದರು. ಉಳಿದ ಐವತ್ತನಾಲ್ಕು ಗುರುವಾರದ ಕಪಾಟಿಗೆ ಹೋದವು.

ಬುಧವಾರ ಮಧ್ಯಾಹ್ನ ಓಡೆಲ್ ಬಂದಿದ್ದ, ಕಾಗದದಲ್ಲಿ ಸುತ್ತಿದ ಹುರಿದ ಮೀನು ಹಿಡಿದುಕೊಂಡು. ಎಲ್ಲರೂ ಕೂರುವ ದೊಡ್ಡ ಕೋಣೆಯಲ್ಲಿ ಗೆಳೆಯನ ಎದುರು ಕೂತು ಮೀನಿನ ಮುಳ್ಳು ಬಿಡಿಸಿ ಕೊಡುತ್ತ ಏನೇನೋ ಹರಟುತ್ತಿದ್ದ. ವರ್ನೀಸ್ ಪಕ್ಕದಲ್ಲಿದ್ದಳು. ಥರ್ಮನ್ ತನ್ನ ಎಡಗೈಯಿಂದ ಓಡೆಲ್‌ನ ಎದೆ ಮುಟ್ಟಿದ. ತುಂಬಾ ಹೊತ್ತು ಬಾಯಿ ಕಷ್ಟಪಟ್ಟಿತು.

"ಎಷ್... ಎಷ್ಟು?"

ಓಡೆಲ್‌ಗೆ ಅರ್ಥವಾಯಿತು. ನಗುನಗುತ್ತಲೇ ಒಂದು ಬೆರಳು ತೋರಿಸಿದ. ಆಮೇಲೆ ಅದನ್ನೂ ಮಡಚಿ, "ಈ ತಿಂಗಳು ಅದೂ ಕಷ್ಟ ಕಣೋ. ನಾನು ಗಟ್ಟಿಮುಟ್ಟಾಗಿದೀನಿ ಬಿಡು, ಕುದುರೆ ಹಾಗೆ," ಅಂದ.

ಥರ್ಮನ್ ಅಕ್ಕನ ಕಡೆ ತಿರುಗಿದ. ಕಣ್ಣಿನಲ್ಲಿ ನೀರು ಬಂತು.

ಅವಳಿಗೆ ಇನ್ನು ಮುಚ್ಚಿಡಲಾಗಲಿಲ್ಲ. "ಥರ್ಮನ್, ಕೇಳೋ ಇಲ್ಲಿ," ಅಂದಳು. "ನೀನು ಬೀಳೋಕೆ ಮೂರು ವಾರ ಮುಂಚೆ ನಿನ್ನ ಮಾತ್ರೆ ಅರವತ್ತು ನನ್ನ ಕೈಲಿತ್ತು. ಹಿಂಗೇ, ಈ ಕೈಲಿ. ಒಂದೊಂದಾಗಿ ಬಕೆಟ್ಟಿಗೆ ಹಾಕ್ದೆ. ನಿಂಗೆ ಹೇಳೋ ಧೈರ್ಯ ಬರಲಿಲ್ಲ." ಓಡೆಲ್ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದ. ಥರ್ಮನ್ ಕಣ್ಣು ಮುಚ್ಚಿಕೊಂಡ. ಬೈಯಲಿ, ಉಗಿಯಲಿ, ಏನಾದರೂ ಮಾಡಲಿ ಅಂತ ಅವಳು ಕಾದಳು. ಕೊನೆಗೆ ಅವನು ಕಣ್ಣು ಬಿಟ್ಟು ಓಡೆಲ್‌ನ ತೋಳು ಹಿಡಿದು ಅಲ್ಲಾಡಿಸಿದ.

"ಇ... ಇವ್ನಿಗೆ."

ವರ್ನೀಸ್ ಎದ್ದು ಹೋದಳು. ಕಪಾಟಿನ ಬೀಗ ತೆಗೆದು ಥರ್ಮನ್ ಹೆಸರಿನ ಎರಡು ರಟ್ಟನ್ನೂ ಕೈಯಲ್ಲಿ ಹಿಡಿದು, ಮುಚ್ಚಿಡದೆ, ಕೋಣೆ ತುಂಬ ಕೂತ ಮುದುಕರ ನಡುವಿನಿಂದಲೇ ನಡೆದು ಬಂದಳು. ಓಡೆಲ್ ದಿನಾ ನುಂಗುವುದು ಅದೇ ಹೌದೋ ಅಲ್ಲವೋ ಅಂತ ಅವನ ಡಬ್ಬಿ ತೆಗೆಸಿ, ಕನ್ನಡಕ ಹಾಕಿ, ಅಕ್ಷರ ಅಕ್ಷರ ಹೋಲಿಸಿ ನೋಡಿದಳು. "ಬೆಳಿಗ್ಗೆ ಒಂದು, ಸಂಜೆ ಒಂದು. ತಪ್ಪಿಸಿದ್ರೆ ಮನೆಗೆ ಬಂದು ಕೋಲು ತಗೊಂಡು ಬಾರಿಸ್ತೀನಿ," ಅಂದಳು. ಓಡೆಲ್ ತಲೆ ತಗ್ಗಿಸಿ, "ಆಯ್ತು ಮಿಸ್ ವರ್ನೀಸ್," ಅಂದ.

ಆಮೇಲೆ ರಿಜಿಸ್ಟರು ತೆಗೆದಳು. ನಾಶ ಮಾಡಲಾಯಿತು ಎಂಬ ಅಚ್ಚಿನ ಪದದ ಮೇಲೆ ಗೆರೆ ಎಳೆದು, ಐವತ್ತನಾಲ್ಕು ಮಾತ್ರೆ ಬೇಕಾದವನಿಗೆ ಕೊಟ್ಟೆ ಅಂತ ಬರೆದು ಸಹಿ ಹಾಕಿದಳು. ಎರಡನೇ ಸಹಿಯ ಜಾಗ ಖಾಲಿ ಬಿಟ್ಟಳು. ಪಕ್ಕಕ್ಕೆ ಬಂದು ನಿಂತಿದ್ದ ಶಾಂಡ್ರಿಕಾ ಪೆನ್ನಿಗೆ ಕೈ ಚಾಚಿದಳು. ವರ್ನೀಸ್ ಅವಳ ಕೈ ಮೇಲೆ ಫಟ್ಟನೆ ಹೊಡೆದು, "ಮನೇಲಿ ಎರಡು ಮಕ್ಕಳಿವೆ ನಿಂಗೆ, ಹೋಗು ಕೆಲಸ ನೋಡು," ಅಂದಳು.

ಹ್ಯಾಡೊ ಶುಕ್ರವಾರ ಅವಳನ್ನು ಕೆಲಸದಿಂದ ತೆಗೆದ. ತೆಗೆಯುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ ಅಂತ ಅವಳೇ ಹೇಳಿದಳು. ಎರಡು ತಿಂಗಳಿಗೆ ನರ್ಸುಗಳಿಗೆ ಲೈಸೆನ್ಸು ಕೊಡುವ, ಕಿತ್ತುಕೊಳ್ಳುವ ಮಂಡಳಿಯಿಂದ ಕರೆ ಬಂತು. ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿಕೊಂಡು ರಾಜಧಾನಿಗೆ ಹೋದಳು. ಉದ್ದ ಮೇಜಿನಾಚೆ ಮೂರು ಜನ. ನಡುವಿನವರು ಸೌಮ್ಯವಾಗಿಯೇ ಕೇಳಿದರು.

"ಮಿಸ್ ಗ್ಯಾಟ್ಲಿನ್, ಮೂವತ್ತೊಂದು ವರ್ಷದ ದಾಖಲೆಯಲ್ಲಿ ನಿಮ್ಮ ಮೇಲೆ ಒಂದು ಕಪ್ಪುಚುಕ್ಕೆ ಇಲ್ಲ. ಈ ಸಲ ಯಾಕೆ ಹೀಗೆ ಮಾಡಿದ್ರಿ?"

ಅವಳು ಚೀಲದಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡಳು. ಓಡೆಲ್ ಗಟ್ಟಿಯಾಗಿದ್ದ, ಆದರೆ ಆ ಐವತ್ತನಾಲ್ಕು ಮುಗಿದು ಒಂದು ತಿಂಗಳಾಗಿತ್ತು. ಅದು ಅವಳಿಗೆ ಗೊತ್ತಿತ್ತು.

"ಸರ್, ಒಬ್ಬ ಮನುಷ್ಯನಿಗೆ ಐವತ್ತನಾಲ್ಕು ಮಾತ್ರೆ ಕೊಟ್ಟೆ ಅಂತ ನೀವು ಮೂರು ಜನ ಇಲ್ಲಿ ಕೂತಿದೀರಿ. ಅರವತ್ತು ಮಾತ್ರೆ ಬಕೆಟ್ಟಿಗೆ ಹಾಕಿ ನನ್ನ ತಮ್ಮನ್ನ ಕೆಡವಿದ್ನಲ್ಲ, ಅವತ್ತು ಯಾಕಮ್ಮಾ ಅಂತ ನನ್ನ ಯಾರೂ ಕರೀಲೇ ಇಲ್ಲ."