ಖಾಲಾನ ಬೈಕೂ ನನ್ನ ವಿಜ್ಞಾನವೂ

ರಜೆ ಮುಗಿಸಿ ಇವತ್ತು ಬೆಳಿಗ್ಗೆ ರಾಯಚೂರಿನ ಮನೆಗೆ ಬಂದು, ಶಾಲೆಗೆ ಹೊರಡಲು ಸ್ಕೂಟರಿನ ಗುಂಡಿ ಒತ್ತಿದರೆ ಅದು ‘ಟಿಕ್’ ಎಂದು ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು. ಹಟಕ್ಕೆ ಬಿದ್ದು ಕಿಕ್ ಹೊಡೆದೆ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತೇ ಹೊರತು ಗಾಡಿ ಕೆಮ್ಮಲೂ ಇಲ್ಲ. ಇಂಥ ಹೊತ್ತಿನಲ್ಲಿ ನಿಮಗೆ ಸಿಟ್ಟು ಬರುತ್ತದೇನೋ. ನನಗೆ ರಜಿಯಾ ಖಾಲಾ ನೆನಪಾಗಿ ನಗು ಬರುತ್ತದೆ.

ಏಳೆಂಟು ವರ್ಷದ ಹಿಂದೆ ನಾನು ದೇವದುರ್ಗದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತ, ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಖಾಲಾ ಎಂದರೆ ಚಿಕ್ಕಮ್ಮ. ಓಣಿಗೆಲ್ಲ ಅವರು ಖಾಲಾನೇ. ಗಂಡ ಬಳೆ ವ್ಯಾಪಾರಿ. ಜಾಲಹಳ್ಳಿ, ಅದರ ಸುತ್ತಲಿನ ಊರುಗಳನ್ನೆಲ್ಲ ಬೈಕಿನ ಮೇಲೆ ಸುತ್ತುತ್ತಿದ್ದರು. ಹಿಂದಿನ ಸೀಟಿನಲ್ಲಿ ಬಳೆಪೆಟ್ಟಿಗೆ ತಬ್ಬಿಕೊಂಡು ಖಾಲಾ. ಆತ ತೀರಿಕೊಂಡು ಎಂಟು ತಿಂಗಳಾಗಿತ್ತು. ಬೈಕು ಅಂಗಳದಲ್ಲಿ ನಿಂತಲ್ಲೇ ನಿಂತು, ಅದರ ಸೀಟಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು.

ಒಂದು ದಿನ ಮಾನ್ವಿಯಿಂದ ಅವರ ಮೈದುನ, ಅಕ್ಕಿ ವ್ಯಾಪಾರದ ಬಾಬುಮಿಯಾ, ಫೋನು ಮಾಡಿದರು. ಮಾತು ಮುಗಿಸಿ ಖಾಲಾ ನನ್ನ ಕೋಣೆಗೇ ಬಂದರು.

“ಶುಕ್ರವಾರ ಟೆಂಪೋ ತರ್ತಾನಂತ. ಗಾಡಿ ಗುಜರಿಗೆ, ನಾನು ಮಾನ್ವಿಗೆ. ಅವ್ರ ಮನ್ಯಾಗ ರೊಟ್ಟಿ ಮಾಡೋರು ಬೇಕಾಗ್ಯಾರ.”

“ನೀವೇನಂದ್ರಿ?”

“ಗಾಡಿ ಚಾಲೂ ಆತಂದ್ರ ನಾ ಬರಾಂಗಿಲ್ಲ, ವ್ಯಾಪಾರ ನಾನೇ ಮಾಡ್ತೀನಿ ಅಂದೆ. ನಕ್ಕ. ಹಂಗೇ ಆಗ್ಲಿ ಅಂದ. ನೀವು ಸೈನ್ಸ್ ಟೀಚರ್ ಇದ್ದೀರಲ್ಲ, ಚಾಲೂ ಮಾಡಿಕೊಡ್ರಿ.”

ಮೆಕ್ಯಾನಿಕ್‌ನನ್ನು ಕರೆಯೋಣ ಎಂದೆ. ಓಣಿಯ ಮೆಕ್ಯಾನಿಕ್ ಬಾಬುಮಿಯಾನ ಜೀವದ ಗೆಳೆಯನಂತೆ. ಮಕ್ಕಳಿಗೆ ಬಲ್ಬು, ಸೆಲ್ಲಿನ ಚಿತ್ರ ಬರೆಸುವುದು ಬಿಟ್ಟರೆ ನಿಜವಾದ ವೈರನ್ನು ನಾನು ಮುಟ್ಟಿದವಳಲ್ಲ. ಆದರೂ ‘ಬರೋದಿಲ್ಲ’ ಎನ್ನಲು ಬಾಯಿ ಬರಲಿಲ್ಲ. ವಿಜ್ಞಾನದ ಮರ್ಯಾದೆಯ ಪ್ರಶ್ನೆ ನೋಡಿ.

ಬ್ಯಾಟರಿಯನ್ನು ಅಂಗಡಿಗೆ ಕೊಟ್ಟು ಒಂದು ದಿನ ಚಾರ್ಜು ಮಾಡಿಸಿ ತಂದೆವು. ಕೆಂಪು ವೈರಿಗೂ ಕಪ್ಪು ವೈರಿಗೂ ಇರುವ ವ್ಯತ್ಯಾಸವನ್ನು ಖಾಲಾನಿಗೆ ಐದು ನಿಮಿಷ ಪಾಠ ಮಾಡಿ, ಅವನ್ನು ಅದಲುಬದಲು ಸಿಕ್ಕಿಸಿದೆ. ಧೂಳಿನಲ್ಲಿ ಎರಡೂ ಒಂದೇ ಬಣ್ಣವಾಗಿದ್ದವು ಎಂಬುದು ನನ್ನ ಸಮಜಾಯಿಷಿ. ‘ಚಟ್’ ಎಂದು ಕಿಡಿ ಹಾರಿ ಫ್ಯೂಸು ಸುಟ್ಟಿತು.

“ಶಾಲ್ಯಾಗೂ ಹಿಂಗ ಕಲಸ್ತೀರೇನ್ರಿ?”

ಹೊಸ ಫ್ಯೂಸು ಹಾಕಿದ ಮೇಲೆ ಹಾರ್ನು ಎಷ್ಟು ಜೋರಾಗಿ ಕೂಗಿತೆಂದರೆ ಪಕ್ಕದ ಮನೆಯ ಆಡು ಹಗ್ಗ ಕಿತ್ತುಕೊಂಡು ಓಡಿತು. ಆದರೆ ಇಂಜಿನ್ನು ಗರಗರ ತಿರುಗಿತೇ ವಿನಾ ಹತ್ತಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದರೆ ಹಳಸಿದ ಪೆಟ್ರೋಲು ವಾರ್ನಿಶ್ಶಿನಂತೆ ನಾರುತ್ತಿತ್ತು. ಚೆಲ್ಲಿ ಹೊಸದು ತುಂಬಿದೆವು. ಹತ್ತಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಕಾರ್ಬ್ಯುರೇಟರ್ ಬಿಚ್ಚಿದೆ. ಬಿಚ್ಚಿದ ಸ್ಕ್ರೂಗಳನ್ನು ಖಾಲಾ ಬಳೆಪೆಟ್ಟಿಗೆಯ ಒಂದೊಂದು ಮನೆಯಲ್ಲಿ ಒಂದೊಂದರಂತೆ ಜೋಡಿಸಿದರು. ಸೂಜಿಯ ಕಣ್ಣಿನಷ್ಟಿದ್ದ ಕಾರ್ಬ್ಯುರೇಟರಿನ ತೂತನ್ನು ಪೊರಕೆಯ ಎಳೆಯಿಂದ ಸ್ವಚ್ಛ ಮಾಡಿದರು. ಎಲ್ಲ ಮತ್ತೆ ಜೋಡಿಸಿದೆವು. ಹತ್ತಲಿಲ್ಲ!

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಖಾಲಾ ಬಗ್ಗಿ ನೋಡಿದರು. “ಟೀಚರಮ್ಮ, ಟಾಕಿ ಕೆಳಗಿನ ನಲ್ಲಿ ಬಂದ್ ಅದಲ್ರಿ?”

ಕಾರ್ಬ್ಯುರೇಟರ್ ಬಿಚ್ಚುವಾಗ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿದವಳೂ ನಾನೇ. ತಿರುಗಿಸಿ ಗುಂಡಿ ಒತ್ತಿದೊಡನೆ ಬೈಕು ಬಿಳಿ ಹೊಗೆ ಕಕ್ಕಿ ಎದ್ದಿತು. ಖಾಲಾ ಥಟ್ಟನೆ ಹತ್ತಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ಮುಂದೆ ಯಾರೂ ಇರಲಿಲ್ಲ. ಆಮೇಲೆ ಅವರು ಮೆಲ್ಲಗೆ ಮುಂದಕ್ಕೆ ಸರಿದು ಹ್ಯಾಂಡಲ್ ಹಿಡಿದರು.

ಶುಕ್ರವಾರ ಬಾಬುಮಿಯಾ ಬರುವ ಹೊತ್ತಿಗೆ ಸೀಟಿನ ಮೇಲೆ ಮತ್ತೆ ಮೆಣಸಿನಕಾಯಿ ಹರಡಿತ್ತು. ಹ್ಯಾಂಡಲಿನ ಮೇಲಿನ, ಇಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್ಚನ್ನು ಖಾಲಾ ಸದ್ದಿಲ್ಲದೆ ಒತ್ತಿಟ್ಟಿದ್ದರು. ನನಗೆ ಕಣ್ಣು ಹೊಡೆದರು.

“ಚಾಲೂ ಮಾಡು ಭಯ್ಯಾ, ನೋಡೋಣು.”

ಬಾಬುಮಿಯಾ ಮೆಣಸಿನಕಾಯಿ ಕೊಡವಿ ಹತ್ತಿ, ಸೀನುತ್ತ, ಬೆವರುತ್ತ ಗುಂಡಿ ಒತ್ತಿದ್ದೇ ಒತ್ತಿದ್ದು. ಕೊನೆಗೆ ಬ್ಯಾಟರಿ ‘ಟಿಕ್’ ಎಂದಿತು. “ನೋಡ್ರಿ ಭಾಭಿ, ಸತ್ತದ ಇದು!” ಎಂದು ಅವರು ಗೆದ್ದವರಂತೆ ನಮ್ಮ ಕಡೆ ತಿರುಗಿದರು. ಬ್ಯಾಟರಿ ನಿಜಕ್ಕೂ ಹೋಗುತ್ತದೆಂದು ನಾವಿಬ್ಬರೂ ಎಣಿಸಿರಲಿಲ್ಲ. ಖಾಲಾ ಸ್ವಿಚ್ಚು ಸರಿಸಿ ಕಿಕ್ ಹೊಡೆದರು. ಇಲ್ಲ. ಇನ್ನೊಂದು. ಇಲ್ಲ. ಮೂರನೆಯದಕ್ಕೆ ಬೈಕು ಗುಡುಗಿತು. ಟೆಂಪೋ ಡ್ರೈವರ್ ಚಪ್ಪಾಳೆಯನ್ನೇ ತಟ್ಟಿಬಿಟ್ಟ.

“ಓಡ್ಸೋರ್ಯಾರು?” ಎಂದರು ಬಾಬುಮಿಯಾ.

“ನಾನೇ” ಎಂದು ಖಾಲಾ ಹತ್ತಿ ಹೊರಟೇಬಿಟ್ಟರು. ಗೇರು ಹಾಕುವುದು, ಕ್ಲಚ್ಚು ಬಿಡುವುದನ್ನಷ್ಟೇ ಹಿಂದಿನ ದಿನ ಕಲಿತಿದ್ದರು. ಓಣಿ ಸುತ್ತಿ ನಮ್ಮ ಮುಂದೆಯೇ ಒಮ್ಮೆ ಹೋದರು, ಎರಡನೇ ಸಲ ಹೋದರು. ಮೂರನೇ ಸಲ, ಗಾಬರಿಯಲ್ಲಿ ಕೆಂಪು ಸ್ವಿಚ್ಚನ್ನೂ ಮರೆತು, “ನಿಂದ್ರಸೂದು ಹ್ಯಾಂಗ್ರೀ?” ಎಂದು ಕೂಗುತ್ತ ಹೋದರು.

ಹಿಂದೆ ಓಡಿದವರು ಬಾಬುಮಿಯಾ. ಒಂದು ಕೈಯಲ್ಲಿ ಲುಂಗಿ, ಇನ್ನೊಂದರಲ್ಲಿ ಹಿಂದಿನ ಕಂಬಿ. “ಬಲಗಾಲು, ಭಾಭಿ! ಬಲಗಾಲು ಒತ್ರಿ!” ಆ ದಿನ ಟೆಂಪೋ ಖಾಲಿಯಾಗಿ ಮಾನ್ವಿಗೆ ಮರಳಿತು. ಬಾಬುಮಿಯಾ ಎರಡು ದಿನ ದೇವದುರ್ಗದಲ್ಲೇ ಉಳಿದು ಅತ್ತಿಗೆಗೆ ಬೈಕು ಕಲಿಸಿದರು, ಬೈಯುತ್ತಲೇ. ಮುಂದಿನ ವಾರ ಖಾಲಾ ಬಳೆಪೆಟ್ಟಿಗೆ ಕಟ್ಟಿಕೊಂಡು ಜಾಲಹಳ್ಳಿಗೆ ಹೊರಟಾಗ ಅರ್ಧ ಓಣಿ ಬಾಗಿಲಿಗೆ ಬಂದು ನಿಂತಿತ್ತು.

ಮೆಕ್ಯಾನಿಕ್‌ಗೆ ಹಚ್ಚಲೆಂದು ಇವತ್ತು ತೆಗೆದ ಫೋನಿನಿಂದ ಹೆಡ್‌ಮಾಸ್ಟರಿಗೆ ಹಚ್ಚಿ, ಸ್ವಲ್ಪ ತಡವಾಗುತ್ತದೆ ಎಂದೆ. ಸ್ಕ್ರೂಡ್ರೈವರು ಆಗಲೇ ಕೈಯಲ್ಲಿತ್ತು.

“ಯಾಕ್ರೀ ಮೇಡಂ, ಏನ್ ನಡಸೀರಿ?”

“ಪ್ರಾಕ್ಟಿಕಲ್, ಸರ್” ಎಂದೆ.