ಲಾಳಿ ಬಂತು, ಲಾಳಿ ಹೋತು

“ಕೈ ಮಗ್ಗದಾಗ, ಕಾಲು ಮಗ್ಗದಾಗ. ಖಾಲಿ ಇರೂದು ಬಾಯಿ ಒಂದ. ಬಾಯಿಲೆ ಕೂಸಿನ್ನ ಹಿಡಕೊಳ್ಳಾಕ ಬರ್ತೈತೇನ್ರಿ ಅಕ್ಕೋರ?”

ಇಳಕಲ್ಲಿನ ನೇಕಾರರ ಓಣಿಯಲ್ಲಿ ರೇಣುಕಾ ನನ್ನ ಮೇಲೆ ಹೀಗೆ ಸಿಡುಕಿದಳು. ನಾನು ಅಲ್ಲಿನ ಅಂಗನವಾಡಿ ಕಾರ್ಯಕರ್ತೆ. ಅವಳ ಎರಡೂವರೆ ವರ್ಷದ ಮಗಳು ಇನ್ನೂ ಒಂದು ಮಾತೂ ಆಡುತ್ತಿರಲಿಲ್ಲ, ಹೆಸರು ಹಿಡಿದು ಕರೆದರೂ ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ. ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರು. ಮೊಬೈಲ್ ಕೊಡಬೇಡ ಎಂದು ಮೂರನೇ ಸಲ ಹೇಳಲು ಹೋಗಿದ್ದೆ. ನೆಲದ ಗುಂಡಿಯಲ್ಲಿ ಕೂಡಿಸಿದ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕುಳಿತಿದ್ದ ಅವಳು ನನಗೆ ಉತ್ತರ ಕೊಡುವಾಗಲೂ ನೇಯುವುದನ್ನು ನಿಲ್ಲಿಸಲಿಲ್ಲ.

ಮುಂದಿನ ತಿಂಗಳು ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಮಗ್ಗದ ಸದ್ದಿನ ಜೊತೆ ರೇಣುಕಾಳ ದನಿಯೂ ಕೇಳುತ್ತಿತ್ತು. ಮಗಳು ಮಗ್ಗದ ಪಕ್ಕದಲ್ಲೇ ಕುಳಿತಿದ್ದಳು. ನೂಲಿನ ಲಾಳಿ ಅವಳ ಕಡೆ ಓಡಿ ಬಂದಾಗ ರೇಣುಕಾ “ಲಾಳಿ ಬಂತು” ಎನ್ನುತ್ತಿದ್ದಳು. ಅದು ಆಚೆ ಓಡಿದಾಗ ಬೇಕೆಂದೇ ಸುಮ್ಮನಾಗುತ್ತಿದ್ದಳು. ಆಗ ಮಗಳು ಕೂಗಿದಳು: “ಹೋತು!”

ನನ್ನನ್ನು ಕಂಡು ರೇಣುಕಾ ನಾಚಿದಳು. “ಬಾಯಿಲೆ ಕೂಸಿನ್ನ ಹಿಡಕೊಳ್ಳೂದು ಅಂತ ಅವತ್ತ ಸಿಟ್ಟಿಲೆ ಅಂದಿದ್ನಲ್ರಿ, ಅದನ್ನ ಮಾಡಿ ನೋಡಿದ್ನಿ.” ಊಟದ ಹೊತ್ತಿಗೆ ಮೊಬೈಲ್ ಇನ್ನೂ ಬೇಕೇ ಬೇಕಂತೆ. ಅದನ್ನೂ ಅವಳೇ ಹೇಳಿದಳು. ಬೈಯಲು ನನಗೆ ಮನಸ್ಸು ಬರಲಿಲ್ಲ.

ಈಗ ಯಾವ ಮನೆಗೆ ಹೋದರೂ ಮಗುವಿನ ಕೈಯಲ್ಲಿ ಮೊಬೈಲ್ ಇದೆಯೇ ಎಂದು ನೋಡುವ ಮೊದಲು, ತಾಯಿಯ ಕೈಗಳು ಎಲ್ಲಿವೆ ಎಂದು ನೋಡುತ್ತೇನೆ.